ಅಡಗಿಮನಿ ಒಡೀಬ್ಯಾಡ್ರಿ, ಮೊದಲು ಸೂಜಿ ಹುಡುಕ್ರಿ

ಹೋದ ತಿಂಗಳು ನಮ್ಮ ಅಡಗಿಮನಿ ಅಳೀಲಿಕ್ಕೆ ಒಬ್ಬ ಹುಡುಗ ಬಂದಿದ್ದ. ಕೈಯಾಗ ಟೇಪು, ಕೊಳ್ಳಾಗ ಐಡಿ ಕಾರ್ಡು. 8 ಅಡಿ ಅಗಲ, 10 ಅಡಿ ಉದ್ದದ ಖೋಲಿ. ಅದನ್ನ ಅರ್ಧ ತಾಸು ಅಳೆದ. ಕಡೀಕ, "ಮೇಡಂ, ಈ ಕಡಪಾ ಕಲ್ಲಿನ ಕಟ್ಟೆ, ಈ ಹಲಗೆಗಳು, ಎಲ್ಲಾ ಒಡೀಬೇಕಾಗುತ್ತೆ" ಅಂದ. ಮರುದಿನ ಹಾಳಿ ಬಂತು: 2,35,000 ರೂಪಾಯಿ, ಚಿಮಣಿ ಬ್ಯಾರೆ.

ಕರೆಸಿದ್ದು ನಾನಲ್ಲ. ನಮ್ಮ ನಾದಿನಿ ಮನಿಯಾಗ ಮಾಡ್ಯೂಲರ್ ಆಗೇತಿ, ಹಂಗಾಗಿ ನಮ್ಮನಿಯಾಗೂ ಆಗಬೇಕು. ರಾತ್ರಿ ಊಟಾ ಆದಮ್ಯಾಲೆ ನಮ್ಮನಿಯವರು ಮೆಲ್ಲಕ ಅಂದ್ರು, "ನಿಮ್ಮವ್ವನ ಬೋರಮಾಳ ಸುಮ್ನ ಟ್ರಂಕಿನ್ಯಾಗ ಬಿದ್ದೈತಿ. ಬ್ಯಾಂಕಿನ್ಯಾಗ ಇಟ್ರ ಮುಂಗಡಾ ಸಿಗ್ತೇತಿ."

ಆ ಮಾತಿಗೆ ನನಗ ಸಿಟ್ಟು ಬಂತು. ಆ ಸಿಟ್ಟಿನ್ಯಾಗ ಬರೀಲಿಕ್ಕತ್ತೇನಿ, ಹೆಚ್ಚುಕಮ್ಮಿ ಆದ್ರ ಹೊಟ್ಟ್ಯಾಗ ಹಾಕ್ಕೋರಿ.

ನಾನು ಕೇಳೋದು ಇಷ್ಟ. ನಮ್ಮ ಅಡಗಿಮನಿಗೆ ಆಗಿರೋದಾದ್ರೂ ಏನು? ಕಟ್ಟಿ ಒಡದಿಲ್ಲ. ಕಲ್ಲು ಇಪ್ಪತ್ತೆರಡು ವರ್ಷದಿಂದ ಕುಕ್ಕರಿನ ಭಾರ, ಒಳಕಲ್ಲಿನ ಪೆಟ್ಟು ಎಲ್ಲಾ ತಡಕೊಂಡು ಹಂಗ ಐತಿ. ಹಾಳಾಗಿರೋದು ಕಣ್ಣಿಗೆ ಬೀಳೋ ಸಾಮಾನು: ಕಟ್ಟಿ ಕೆಳಗಿನ ಡಬ್ಬಿ, ಬುಟ್ಟಿ, ಎಣ್ಣಿ ಕ್ಯಾನಿನ ಗದ್ದಲ, ಬಣ್ಣಾ ಹೋದ ಕಿಟಕಿ ಪಡದೆ, ಜಿಡ್ಡು ಹಿಡಿದ ಪ್ಲಾಸ್ಟಿಕ್ ಹಾಳಿ. ಇವು ಒಂದೂ ಕಲ್ಲಿನ ತಪ್ಪಲ್ಲ. ಅರಬಿ ಹರದ್ರ ಮನಿ ಕೆಡವಿದ ಹಂಗಾತು ಇದು.

ಒಂದು ಐತವಾರ ಅವ್ವನ ಕಾಲ್ಮಷೀನು ಹೊರಗ ತಗದೆ. ಬೆಲ್ಟು ಸಡಲಾಗಿತ್ತು, ಸೂಜಿಗೆ ಜಂಗು. ಬೆಲ್ಟು, ಸೂಜಿ, ಎಣ್ಣಿ ಸೇರಿ 150 ರೂಪಾಯಿ.

ಅವ್ವನ ಒಂದು ಇಳಕಲ್ ಸೀರಿ ಇತ್ತು, ಎಂಟು ಗಜದ್ದು, ಹತ್ತೀದು. ನಡುವ ಸವೆದಿತ್ತು, ಅಂಚು ಮಾತ್ರ ಗಟ್ಟಿ. ಇದರಾಗಿನ ಉಪಾಯ ಕೇಳ್ರಿ, ಇದನ್ನ ಯಾವ ವಿಡಿಯೋದಾಗೂ ನಾ ನೋಡಿಲ್ಲ. ಕಟ್ಟಿ ಕೆಳಗ ಪಡದೆ ಬೇಕಂದ್ರ ಸೀರಿನ ಅಡ್ಡ ಕತ್ತರಿಸಬ್ಯಾಡ್ರಿ, ಉದ್ದಕ್ಕ ಕತ್ತರಿಸ್ರಿ. ಕೆಳಗಿನ ಅಂಚಿನಿಂದ ಮ್ಯಾಲಕ 32 ಇಂಚು ಅಳದು, ಒಂದು ಗೀರು ಹಾಕಿ ಕತ್ತರಿಸಿದೆ. ಸೀರಿಯ ಅಂಚ ಪಡದೆಯ ಅಂಚಾತು, ಕೆಳಗ ಮಡಚಿ ಹೊಲಿಯೋ ಕೆಲಸ ಉಳೀತು. ಮ್ಯಾಲೆ ಒಂದೂವರಿ ಇಂಚು ಮಡಚಿ ಒಂದು ಹೊಲಿಗಿ ಹಾಕಿದ್ರ ಸ್ಪ್ರಿಂಗ್ ವೈಯರ್ ತೂರಿಸಲಿಕ್ಕೆ ಗೂಡು ರೆಡಿ. ಮುಚ್ಚಬೇಕಾದ ಜಾಗಾ 7 ಅಡಿ. ನೆರಿಗಿ ಬೀಳಲಿ ಅಂತ ಎರಡು ಪಟ್ಟು, ಅಂದ್ರ 14 ಅಡಿ ತಗೊಂಡೆ. ಎಂಟು ಗಜ ಅಂದ್ರ 24 ಅಡಿ, ಹಂಗಾಗಿ ಸವೆದ ಜಾಗಾ ಬಿಟ್ಟು ಗಟ್ಟಿ ಇದ್ದದ್ದನ್ನ ಆರಿಸಿಕೊಳ್ಳಲಿಕ್ಕೆ ಬಂತು. ಮ್ಯಾಲಿನ ಅಂಚಿನ ಕಡೆ ಉಳಿದ ಪಟ್ಟಿಯಿಂದ ಡಬ್ಬಿ ಹಲಗಿಗೆ ಝಾಲರ ಆತು. ತೋಪ ತೆನಿ ಸೆರಗು ಮಾತ್ರ ಮುಟ್ಟಲಿಲ್ಲ. ಮಡಚಿ ಟ್ರಂಕಿಗೆ ಇಟ್ಟೆ, ಬೋರಮಾಳದ ಬಾಜೂಕ.

ಕಟ್ಟಿ 9 ಅಡಿ, ಪಡದೆ 7 ಅಡಿ ಯಾಕ ಅಂತ ಕೇಳ್ತೀರಿ. ಉಳಿದ 2 ಅಡಿ ಸಿಲಿಂಡರಿನ ಜಾಗಾ. ಅಲ್ಲಿ ಪಡದೆ ಹಾಕಂಗಿಲ್ಲ. ಅಡಗಿ ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ಮ್ಯಾಲೆ ಹೋಗೂದಿಲ್ಲ, ನೆಲಕ್ಕ ಕೂಡ್ತೇತಿ. ಅಲ್ಲಿ ಗಾಳಿ ಆಡಬೇಕು, ವಾಸನಿ ನಮಗ ಲಗೂನ ಗೊತ್ತಾಗಬೇಕು. ಆ ಹುಡುಗ ತೋರಿಸಿದ ಚಿತ್ರದಾಗ ಸಿಲಿಂಡರು ಬಾಗಲಾ ಮುಚ್ಚಿದ ಕಪಾಟಿನ ಒಳಗ ಕುಂತಿತ್ತು. "ಗಾಳಿಗೆ ಕಿಂಡಿ ಎಲ್ಲೈತಿ?" ಅಂದೆ. "ಲುಕ್ ಹಾಳಾಗುತ್ತೆ ಮೇಡಂ" ಅಂದ! ಒಲಿ ಮಗ್ಗಲಿನ ಕಿಟಕಿಗೂ ನಾ ಪಡದೆ ಹಾಕಿಲ್ಲ. ಗಾಳಿಗೆ ಹಾರಿ ಬೆಂಕಿಗೆ ಬಿದ್ರ ಆಮ್ಯಾಲೆ ಚಂದ ಯಾರು ನೋಡ್ತಾರ? ಸಿಂಕಿನ ಮ್ಯಾಲಿನ ಕಿಟಕಿಗೆ ಎರಡು ಮೀಟರ್ ಬಿಳಿ ಕಾಟನ್ ತಂದೆ, 180 ರೂಪಾಯಿ. ಹೊಸಾ ಹತ್ತಿ ಅರಬಿ ಮೊದಲು ನೀರಾಗ ನೆನಸಿ ಒಣಗಿಸ್ರಿ, ಇಲ್ಲಂದ್ರ ಹೊಲಿದ ಮ್ಯಾಲೆ ಗಿಡ್ಡಾಗಿ ಕಿಟಕಿ ಅರ್ಧಕ್ಕ ನಿಲ್ತೇತಿ.

ಇನ್ನ ಉಡಿಯಾಗ ಬಂದ ಜಂಪರ್ ಪೀಸು. ನಿಮ್ಮನಿ ಕಪಾಟಿನ್ಯಾಗೂ ಒಂದು ಗಂಟು ಇದ್ದ ಇರ್ತೇತಿ, ಸುಳ್ಳು ಹೇಳಬ್ಯಾಡ್ರಿ. ನಾವು ಅವರಿಗೆ ಕೊಡ್ತೀವಿ, ಅವರು ಇವರಿಗೆ, ವರ್ಷ ತುಂಬೂದರಾಗ ತಿರುಗಿ ನಮ್ಮನಿಗೇ ಬರ್ತಾವು. ಅದರಾಗ ಹತ್ತೀವು ಆರಿಸಿ ರೊಟ್ಟಿ ಬುಟ್ಟಿಗೆ ಅರಬಿ ಮಾಡಿದೆ, ಸುತ್ತಲೂ ಒಂದು ಹೊಲಿಗಿ ಅಷ್ಟ. ನೈಲಾನಿನವು ಬ್ಯಾಡ್ರಿ. ಬಿಸಿ ರೊಟ್ಟಿಯ ಉಗಿಯನ್ನ ಅವು ಹೀರಂಗಿಲ್ಲ, ಅಡಿಯ ರೊಟ್ಟಿ ಒದ್ದಿಯಾಗಿ ಕೂಡ್ತಾವು. ಹಂಚಿನ ಮ್ಯಾಲೆ ರೊಟ್ಟಿಗೆ ನೀರು ಸವರೋ ಅರಬಿ ಅಂತೂ ಹಳೇ ಹತ್ತಿ ಧೋತರದ್ದ ಆಗಬೇಕು. ನೈಲಾನ್ ಆದ್ರ ಹಂಚಿಗೆ ಕರಗಿ ಅಂಟ್ತೇತಿ. ಅಂಗಡಿಯಾಗ "ಕಿಚನ್ ಸೆಟ್" ಅಂತ ಮಾರೋ ಮಿಣಿಮಿಣಿ ಹಿಡಿಕಿ ಅರಬಿಗಳನ್ನ ನಾ ನಂಬೂದಿಲ್ಲ, ಒಂದ ಸಲ ಬಿಸಿ ಪಾತೇಲಿ ಹಿಡದು ಕೈ ಸುಟ್ಟುಕೊಂಡಾಕಿ ನಾನು. ಹಳೇ ಟಾವೆಲ್ ನಾಕು ಪದರು, ಮ್ಯಾಲೆ ಕೆಳಗ ಸೀರಿ ತುಂಡು, 7 ಇಂಚಿನ ಚೌಕ, ಸುತ್ತಿ ಸುತ್ತಿ ಕೌದಿ ಹೊಲಿಗಿ. ಕೌದಿಯನ್ನ ನಾವು ಬಡವರ ಹಾಸಿಗಿ ಅಂತ ಅಟ್ಟಕ್ಕ ಒಗದ್ವಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಮಕ್ಕಳು ಹೊಲಿಯೋ ಕವಂದಿಯನ್ನ ಈಗ ಹೊರದೇಶದಾಗ ಗ್ವಾಡಿಗೆ ತೂಗಹಾಕಿ ಪ್ರದರ್ಶನ ಮಾಡ್ತಾರ. ನಮಗ ಮಾತ್ರ ಅದು ಕಂಡ್ರ ನಾಚಿಕಿ.

ದಾರ 45, ವೈಯರು ಕೊಂಡಿ 220. ಎಲ್ಲಾ ಕೂಡಿ 595 ರೂಪಾಯಿ.

ಈಗ ವಿರೋಧದ ಮಾತು. "ಅರಬಿ ಹೊಲಸಾಗ್ತೇತಿ" ಅಂತ ನಾದಿನಿ ಅಂದಳು. ಆಗ್ತೇತಿ. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಬಕೀಟಿಗೆ ಹಾಕ್ತೇನಿ. ಆಕಿ ಸಿಂಕಿನ ಕೆಳಗಿನ ಕಪಾಟಿನ ಹಲಗಿ ನೀರು ಕುಡಿದು ಉಬ್ಬಿ, ಬಾಗಲಾ ಮುಚ್ಚಲಾರದ ಹಂಗ ಆಗೇತಿ, ಅದನ್ನ ಬಕೀಟಿಗೆ ಹಾಕಲಿಕ್ಕೆ ಬರಂಗಿಲ್ಲಲ್ಲ.

ಆದ್ರ ಬಾಜೂ ಮನಿ ಅಕ್ಕಾರು ಕೇಳಿದ ಮಾತಿಗೆ ನಾ ಗಪ್ ಆದೆ. "595 ಅಂತ ಬರದೀಯಲ್ಲ, ನಿನ್ನ ತಾಸಿಗೆ ಎಷ್ಟು ಬರದಿ? ಹೆಣ್ಮಕ್ಕಳು ಪುಕ್ಕಟೆ ದುಡಿದು ಮನಿ ರೊಕ್ಕಾ ಉಳಿಸೋದನ್ನ ಹಿಂಗ ಹೊಗಳಿದ್ರ, ನಾಳೆ ಎಲ್ಲಾ ಗಂಡಸರೂ ಕೈಗೆ ಸೂಜಿ ಕೊಡ್ತಾರ ನೋಡು." ಖರೇ ಮಾತು. ಕುಂತು ಎಣಿಸಿದೆ: ಮೂರು ಐತವಾರ, ಒಟ್ಟು ಹನ್ನೊಂದು ತಾಸು. ಲೆಕ್ಕದ ಪುಸ್ತಕದಾಗ 595ರ ಕೆಳಗ ಅದನ್ನೂ ಬರದೆ, ನಮ್ಮನಿಯವರಿಗೆ ತೋರಿಸಿದೆ. ಮೂರನೇ ಐತವಾರದ ಇಸ್ತ್ರಿ, ಕೊಂಡಿ ಹೊಡೆಯೋದು, ಮತ್ತ ಆ ಮಧ್ಯಾಹ್ನದ ಅನ್ನ ಸಾರು ಅವರ ಪಾಲಿಗೆ ಬಿತ್ತು. ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಉಂಡ್ವಿ. ಹೊಲಿಯಲಿಕ್ಕೆ ಮನಸಿಲ್ಲದವರು ಓಣಿ ಟೇಲರ್ ಅಕ್ಕಗ ಕೂಲಿ ಕೊಟ್ಟು ಹೊಲಿಸ್ರಿ, ಚೌಕಾಶಿ ಮಾಡಬ್ಯಾಡ್ರಿ. ಹಂಗ ಮಾಡಿದ್ರೂ ಬೋರಮಾಳದ ಒಂದು ಗುಂಡಿನ ಬೆಲಿ ಆಗೂದಿಲ್ಲ.

ನಮ್ಮ ಪಕ್ಷದವರಿಗೂ ಒಂದು ಮಾತು. ಹೊಲಿಗಿ ಬರ್ತೇತಿ ಅಂತ ಕಂಡದ್ದಕ್ಕೆಲ್ಲ ಅಂಗಿ ತೊಡಸಬ್ಯಾಡ್ರಿ. ನಮ್ಮ ಚಿಗವ್ವ ಒಬ್ಬಾಕಿ ಫ್ರಿಜ್ಜಿನ ಹಿಡಿಕಿ, ಮಿಕ್ಸರು, ನೀರಿನ ಫಿಲ್ಟರು, ರಿಮೋಟು ಎಲ್ಲಕ್ಕೂ ಝಾಲರ ಹಚ್ಚಿ ಕವರು ಹೊಲಿದಾಳ. ಅಡಗಿಮನಿ ಹೊಕ್ರ ಕೂಸಿನ ತೊಟ್ಟಲಾ ಹೊಕ್ಕ ಹಂಗಾಗ್ತೇತಿ. ಮತ್ತ ಕಮ್ಮಿ ಖರ್ಚು ಅಂತ ಶುರು ಮಾಡಿ, ಮ್ಯಾಚಿಂಗ್ ಅರಬಿ, ಲೇಸು, ಗೊಂಡೆ ಅಂತ ನಾಕು ಸಾವಿರ ಕಳಿಯೋರೂ ಅದಾರ. ಅದು ಆ ಹುಡುಗನ ಹಾಳಿಯ ತಮ್ಮ.

ಬೋರಮಾಳ ಟ್ರಂಕಿನ್ಯಾಗ ಐತಿ. ಹುಡುಗ ಎರಡು ಸಲ ಫೋನ್ ಮಾಡಿದ, ಡಿಸ್ಕೌಂಟ್ ಐತಂತ. ನಮ್ಮನಿಯವರ ಕೈಯಾಗ ಫೋನ್ ಕೊಟ್ಟೆ, "ಬ್ಯಾಡಪಾ" ಅಂತ ಅವರ ಬಾಯಿಂದನ ಹೇಳಿಸಿದೆ. ಸಿಂಕಿನ ಕೆಳಗ ನೀರು ಸೋರೋದು ಮಾತ್ರ ಹಂಗ ಐತಿ, ಅದು ಸೂಜಿ ದಾರದ ಕೆಲಸಲ್ಲ. ಪ್ಲಂಬರಿಗೆ ಹೇಳೇನಿ. ನಾಳೆ ಬರ್ತೇನಿ ಅಂದು ಎಂಟು ದಿನ ಆತು.