ದೋಣಿಯ ಇಂಜಿನು: ವಯಸ್ಸಿನ ದೋಷವೋ, ಆರೈಕೆಯ ಕೊರತೆಯೋ?

ಮಂಜೇಶ್ವರದಿಂದ ಚಂದ್ರಗಿರಿ ಅಳಿವೆಯ ತನಕ ನಮ್ಮ ಕಡಲತಡಿಯ ನಾಡದೋಣಿಗಳು ಇಂದು ನಡೆಯುವುದು ಹಿಂಬದಿಗೆ ತೂಗುಹಾಕಿದ ಔಟ್‌ಬೋರ್ಡ್ ಇಂಜಿನಿನ ಬಲದಿಂದ. 1980ರ ದಶಕದಲ್ಲಿ ಕೇರಳದ ಕರಾವಳಿಯಲ್ಲಿ ಹರಡತೊಡಗಿದ ಈ ಯಂತ್ರ ಹುಟ್ಟು, ಹಾಯಿಗಳ ಕಾಲವನ್ನು ಮುಗಿಸಿತೆಂದೇ ಹೇಳಬೇಕು. ಮೀನುಗಾರ ಮನೆಗಳಲ್ಲಿ ದೋಣಿಯ ಅನಂತರದ ದೊಡ್ಡ ಆಸ್ತಿಯೆಂದರೆ ಇದೇ. ದೊಡ್ಡ ಸಾಲವೂ ಅನೇಕ ವೇಳೆ ಇದರದ್ದೇ. ಹೀಗಿರುವಾಗ ಹಳೆಯ ಇಂಜಿನೊಂದು ಸರಿಯಾಗಿ ಓಡದಿದ್ದರೆ ಅದು ಕೇವಲ ಮೆಕ್ಯಾನಿಕನ ವಿಷಯವಾಗಿ ಉಳಿಯುವುದಿಲ್ಲ.

ಹಳೆಯ ಇಂಜಿನುಗಳ ಕಷ್ಟ ಈಚಿನ ವರ್ಷಗಳಲ್ಲಿ ಹೆಚ್ಚಲು ಇಂಧನದ ಪರಿಸ್ಥಿತಿಯೇ ಮುಖ್ಯ ಕಾರಣ. ಇಲ್ಲಿಯ ಹೆಚ್ಚಿನ ಯಂತ್ರಗಳು ಪೆಟ್ರೋಲಿನಲ್ಲಿ ಹೊತ್ತಿಕೊಂಡು ಸೀಮೆಎಣ್ಣೆಯಲ್ಲಿ ಓಡುವ ಟೂ-ಸ್ಟ್ರೋಕ್ ಜಾತಿಯವು. ಪಡಿತರ ಸೀಮೆಎಣ್ಣೆಯ ಬೆಲೆಯನ್ನು 2016ರಿಂದ ಹಂತಹಂತವಾಗಿ ಏರಿಸುತ್ತ ಬಂದ ಕೇಂದ್ರ ಸರಕಾರ 2020ರ ಹೊತ್ತಿಗೆ ಸಬ್ಸಿಡಿಯನ್ನೇ ಇಲ್ಲವಾಗಿಸಿತು. 2022ರ ಏಪ್ರಿಲಿನಲ್ಲಿ ಕೇರಳದ ಪಾಲು ಶೇಕಡ 40ರಷ್ಟು ಕಡಿತಗೊಂಡಿತು. ಪಡಿತರ ಅಂಗಡಿಯಲ್ಲಿ ಲೀಟರಿಗೆ 59 ರೂಪಾಯಿ ಇದ್ದ ಬೆಲೆ 81ಕ್ಕೆ ನೆಗೆಯಿತು. ಮತ್ಸ್ಯಫೆಡ್ ಮೂಲಕ ಲೀಟರಿಗೆ 25 ರೂಪಾಯಿಯ ಸಹಾಯಧನವನ್ನು ರಾಜ್ಯ ಸರಕಾರ ನೀಡುತ್ತ ಬಂದಿದೆಯಾದರೂ ಅದು ಪರ್ಮಿಟ್ ಇದ್ದವರಿಗೆ ಮಾತ್ರ. ಪರ್ಮಿಟ್ಟಿಗಾಗಿ ನಡೆಯುವ ಜಂಟಿ ತಪಾಸಣೆಯಲ್ಲಿ ಯಂತ್ರದ ವಯಸ್ಸೂ ಒಂದು ಅಳತೆಗೋಲಾಗಿದೆ. ಹಳೆಯ ಇಂಜಿನಿನ ಒಡೆಯ ಇದರಿಂದ ಎರಡು ಕಡೆಯಿಂದಲೂ ಸಿಕ್ಕಿಬೀಳುತ್ತಾನೆ. ಹೊಸತನ್ನು ಕೊಳ್ಳಲು ಹಣವಿಲ್ಲ. ಹಳೆಯದಕ್ಕೆ ಅಗ್ಗದ ಎಣ್ಣೆಯಿಲ್ಲ. ಸಿಕ್ಕಿದ ಕಡೆಯಿಂದ ತಂದ ಎಣ್ಣೆಯನ್ನು ತುಂಬಿ, ಲೂಬ್ರಿಕೇಟಿಂಗ್ ಆಯಿಲಿನಲ್ಲಿ ಉಳಿತಾಯ ಮಾಡಹೊರಟಾಗ ಯಂತ್ರ ಕೈಕೊಡುತ್ತದೆ. ಆಗ ಎಲ್ಲರೂ ದೂರುವುದು ವಯಸ್ಸನ್ನು.

ಆದರೆ ವಯಸ್ಸೇ ರೋಗವಲ್ಲ. ಯಾವ ಇಂಜಿನಿಗೂ ಬೇಕಾದದ್ದು ಮೂರು: ಶುದ್ಧ ಇಂಧನ, ಬಲವಾದ ಕಿಡಿ, ಸಿಲಿಂಡರಿನೊಳಗೆ ಸರಿಯಾದ ಒತ್ತಡ. ಇವುಗಳಲ್ಲಿ ಕೊನೆಯದು ಮಾತ್ರ ನಿಜವಾಗಿ ಸವೆತಕ್ಕೆ ಸಂಬಂಧಿಸಿದ್ದು. ಮೊದಲೆರಡರ ದೋಷಗಳನ್ನು ಬಹುಮಟ್ಟಿಗೆ ದಡದಲ್ಲೇ, ಅಲ್ಪ ಖರ್ಚಿನಲ್ಲಿ ಕಂಡುಹಿಡಿಯಬಹುದು. ಆದ್ದರಿಂದ ಇಂಜಿನನ್ನು ಬಿಚ್ಚಿಸುವ ಮೊದಲು ಅಗ್ಗದ ಪರೀಕ್ಷೆಗಳನ್ನು ಕ್ರಮವಾಗಿ ಮುಗಿಸುವುದು ಜಾಣತನ.

ಮೊದಲು ಇಂಧನ. ಟ್ಯಾಂಕಿನ ಮುಚ್ಚಳದ ಗಾಳಿತಿರುಪು ಮುಚ್ಚಿಯೇ ಉಳಿದರೆ ಸ್ವಲ್ಪ ಹೊತ್ತು ಚೆನ್ನಾಗಿ ಓಡಿದ ಇಂಜಿನು ಸೊರಗಿ ನಿಲ್ಲುತ್ತದೆ. ಕೊಳವೆಯ ರಬ್ಬರು ಬಲ್ಬು ಚಪ್ಪಟೆಯಾಗಿ ಒಳಸೇರಿರುತ್ತದೆ. ಬಲ್ಬನ್ನು ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಕೊಳವೆಯ ಕೀಲುಗಳಲ್ಲಿ ಗಾಳಿ ಸೇರುತ್ತಿದೆ, ಇಲ್ಲವೆ ಬಲ್ಬಿನ ಕವಾಟ ಕೆಟ್ಟಿದೆ. ಓಡುತ್ತಿರುವಾಗ ಬಲ್ಬನ್ನು ಒತ್ತುತ್ತ ಹೋದರೆ ಮಾತ್ರ ವೇಗ ಮರಳುವುದಾದರೆ ಇಂಧನ ಪಂಪಿನ ಪೊರೆಯನ್ನೋ ಕೊಳವೆಯನ್ನೋ ಶಂಕಿಸಬೇಕು. ಎಣ್ಣೆಯನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಟ್ಟರೆ ನೀರಿದ್ದಲ್ಲಿ ತಳಕ್ಕೆ ಇಳಿದು ಕಣ್ಣಿಗೆ ಕಾಣುತ್ತದೆ. ಚೋಕನ್ನು ಸ್ವಲ್ಪ ಎಳೆದಾಗ ಓಟ ಸುಧಾರಿಸಿದರೆ ಇಂಧನ ಸಾಲುತ್ತಿಲ್ಲವೆಂದೇ ಅರ್ಥ. ಹಳೆಯ ಎಣ್ಣೆಯ ಅಂಟು ಕಾರ್ಬುರೇಟರಿನ ಸಣ್ಣ ರಂಧ್ರಗಳಲ್ಲಿ ಕೂತಿರುವುದು ಸಂಭವ. ಮಂದಗತಿಯಲ್ಲಿ ಮಾತ್ರ ತಡವರಿಸುವ ಇಂಜಿನಿನಲ್ಲಿ ಇದು ಸಾಮಾನ್ಯ.

ಸೀಮೆಎಣ್ಣೆಯ ಸ್ವಭಾವವನ್ನೂ ಇಲ್ಲಿ ಮರೆಯಬಾರದು. ಅದು ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಯಂತ್ರ ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ತಿರುಗಿಸಿದರೆ ಅರೆಬೆಂದು ಮಸಿ ಕಟ್ಟುತ್ತದೆ. ಹಾಗೆಯೇ ದಡಕ್ಕೆ ಬರುವಾಗ ನಿಲ್ಲಿಸುವುದಕ್ಕೆ ಕೆಲವು ನಿಮಿಷ ಮುಂಚೆ ಪೆಟ್ರೋಲಿಗೆ ಬದಲಾಯಿಸಿದರೆ ಮಾತ್ರ ಕಾರ್ಬುರೇಟರು ಬರಿದಾಗಿ, ಮರುದಿನ ಬೆಳಗ್ಗೆ ಹಗ್ಗ ಎಳೆದು ತೋಳು ಸೋಲುವುದು ತಪ್ಪುತ್ತದೆ. ಲೂಬ್ರಿಕೇಟಿಂಗ್ ಆಯಿಲಿನ ಅಳತೆ ಯಂತ್ರದ ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು: 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40. ಹೆಚ್ಚಾದರೆ ಹೊಗೆ, ಮಸಿ. ಕಡಿಮೆಯಾದರೆ ಪಿಸ್ಟನ್ನೇ ಕಚ್ಚಿಕೊಳ್ಳುತ್ತದೆ. ಇಲ್ಲಿ ಉಳಿಸಿದ ನಾಲ್ಕು ಕಾಸು ಸಾವಿರಗಟ್ಟಲೆ ರೂಪಾಯಿಯ ನಷ್ಟಕ್ಕೆ ದಾರಿ.

ಎರಡನೆಯದು ಕಿಡಿ. ಪ್ಲಗ್ಗು ಬಿಚ್ಚಿ ಬಣ್ಣ ನೋಡುವುದೇ ಅರ್ಧ ಪರೀಕ್ಷೆ. ಕಾಫಿಯ ಕಂದು ಬಣ್ಣವಿದ್ದರೆ ಒಳಗೆ ಕ್ಷೇಮ. ಕಪ್ಪಾಗಿ ಒದ್ದೆಯಾಗಿದ್ದರೆ ಉರಿ ಸಾಲುತ್ತಿಲ್ಲ. ಬೆಳ್ಳಗಾಗಿದ್ದರೆ ಇಂಧನ ಕಡಿಮೆಯಾಗಿ ಕಾವು ಹೆಚ್ಚಿದೆ. ಎರಡು ಸಿಲಿಂಡರಿನ ಇಂಜಿನಿನಲ್ಲಿ ಒಂದು ಪ್ಲಗ್ಗು ಒಣಗಿ ಇನ್ನೊಂದು ಒದ್ದೆಯಾಗಿದ್ದರೆ, ಇಡೀ ದೋಣಿಯನ್ನು ಒಂದೇ ಸಿಲಿಂಡರು ಎಳೆಯುತ್ತಿದೆಯೆಂದು ತಿಳಿಯಬಹುದು. ಕಿಡಿಯನ್ನು ಪರೀಕ್ಷಿಸುವಾಗ ಪ್ಲಗ್ಗನ್ನು ಇಂಜಿನಿನ ಲೋಹಕ್ಕೆ ತಾಗಿಸಿಯೇ ಹಗ್ಗ ಎಳೆಯಬೇಕು. ಹತ್ತಿರ ಚೆಲ್ಲಿದ ಪೆಟ್ರೋಲಿದ್ದರೆ ಆ ಕೆಲಸಕ್ಕೆ ಕೈಹಾಕಲೇಬಾರದು. ಉಪ್ಪುಗಾಳಿಗೆ ಹಸಿರುಕಟ್ಟಿದ ತಂತಿಯ ತುದಿಗಳನ್ನು ಉಜ್ಜಿ ಬಿಗಿಗೊಳಿಸಿದರೆ ಎಷ್ಟೋ ಇಂಜಿನುಗಳು ಮತ್ತೆ ಜೀವ ತಳೆಯುತ್ತವೆ.

ಇವೆರಡೂ ಸರಿಯಿದ್ದರೆ ಮಾತ್ರ ಒತ್ತಡದ ಪರೀಕ್ಷೆ. ಒತ್ತಡಮಾಪಕವಿರುವ ಯಾವ ವರ್ಕ್‌ಶಾಪಿನಲ್ಲಾದರೂ ಇದು ಕೆಲವೇ ನಿಮಿಷಗಳ ಕೆಲಸ. ಎರಡು ಸಿಲಿಂಡರುಗಳ ಅಂಕಿ ಹೆಚ್ಚುಕಡಮೆ ಸಮನಾಗಿರಬೇಕು. ಒಂದು ಬಹಳ ಕೆಳಗಿದ್ದರೆ ರಿಂಗು ಅಥವಾ ಗ್ಯಾಸ್ಕೆಟ್ ಹೋಗಿದೆ. ಆಗ ಮಾತ್ರ ‘ಮುದಿಯಾಯಿತು’ ಎಂಬ ಮಾತಿಗೆ ಅರ್ಥವಿದೆ.

ಇನ್ನು ಕೆಲವು ದೋಷಗಳು ಇಂಜಿನಿನ ತಲೆಯಲ್ಲಿಲ್ಲ, ಕಾಲಿನಲ್ಲಿವೆ. ತಂಪುನೀರಿನ ಧಾರೆ ಸಣ್ಣದಾದರೆ ಮರಳಿಗೆ ಸವೆದ ರಬ್ಬರಿನ ಇಂಪೆಲ್ಲರನ್ನು ಬದಲಿಸಬೇಕು. ನೀರಿಲ್ಲದೆ ಒಣ ಓಡಿಸಿದರೆ ಅದು ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಇಂಜಿನು ಕೂಗುತ್ತಿದ್ದರೂ ದೋಣಿ ಮುಂದೆ ಹೋಗದಿದ್ದರೆ ಪ್ರೊಪೆಲ್ಲರಿನ ಒಳರಬ್ಬರು ಜಾರುತ್ತಿದೆ. ಗೇರ್ ಆಯಿಲು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬಲೆಯ ನೈಲಾನ್ ನೂಲು ಸುತ್ತಿಕೊಂಡು ಸೀಲನ್ನು ಕತ್ತರಿಸಿರುವುದು ಅನೇಕ ವೇಳೆ ಕಾರಣ. ದಿನವೂ ಸಿಹಿನೀರಿನಲ್ಲಿ ತೊಳೆಯುವ ಅಭ್ಯಾಸ ಇಂಜಿನಿನ ಆಯುಷ್ಯವನ್ನು ಖಂಡಿತ ಹೆಚ್ಚಿಸುತ್ತದೆ.

ಇದೆಲ್ಲ ಬರಿಯ ಹಣದ ಲೆಕ್ಕವಲ್ಲ. ಮಳೆಗಾಲದ 52 ದಿನಗಳ ಟ್ರಾಲಿಂಗ್ ನಿಷೇಧ ನಾಡದೋಣಿಗಳಿಗೆ ಅನ್ವಯಿಸುವುದಿಲ್ಲ. ಕಡಲು ಅತ್ಯಂತ ಒರಟಾಗಿರುವ ಆ ದಿನಗಳಲ್ಲೇ ನಮ್ಮವರು ಶಿರಿಯ, ಮೊಗ್ರಾಲ್ ಅಳಿವೆಗಳನ್ನು ದಾಟುತ್ತಾರೆ. ತೆರೆ ಮುರಿಯುವ ಜಾಗದಲ್ಲಿ ಇಂಜಿನು ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ಆ ಹೊತ್ತಿನಲ್ಲಿ ಪ್ರಾಣ ಉಳಿಸುವುದು ದಡದಲ್ಲಿ ಮುಂಚೆಯೇ ಮುಗಿಸಿದ ಪರೀಕ್ಷೆ.

ಪೆಟ್ರೋಲ್, ಡೀಸೆಲ್, ಎಲ್ಪಿಜಿ ಇಂಜಿನುಗಳಿಗೆ ಬದಲಾಗಲು ರಾಜ್ಯ ಸರಕಾರ ನೆರವಿನ ಯೋಜನೆಗಳನ್ನು ಪ್ರಕಟಿಸಿದೆ. ಹಳೆಯ ಟೂ-ಸ್ಟ್ರೋಕ್ ಯಂತ್ರಗಳು ಇಂಧನದ ಗಣನೀಯ ಭಾಗವನ್ನು ಸುಡದೆಯೇ ಹೊರಗೆ ಚೆಲ್ಲುವುದರಿಂದ ಈ ದಿಕ್ಕು ಸರಿಯಾದುದೇ. ಆದರೆ ಬದಲಾವಣೆ ಎಲ್ಲ ಮನೆಗಳನ್ನು ತಲಪುವ ತನಕ ಹಳೆಯದನ್ನು ನಡೆಸಲೇಬೇಕಾದವರ ಗತಿಯೇನು? ತಪಾಸಣೆಯ ದಿನ ಅಧಿಕಾರಿಗಳು ಖರೀದಿಯ ರಶೀದಿಯ ತಾರೀಕನ್ನಷ್ಟೇ ನೋಡದೆ ಒತ್ತಡಮಾಪಕವನ್ನೂ ತಂದು ಯಂತ್ರದ ನಿಜಸ್ಥಿತಿಯನ್ನು ಅಳೆಯಲಿ. ದುರಸ್ತಿಯ ತಿಳುವಳಿಕೆಯನ್ನು, ಪರ್ಮಿಟ್ಟಿನ ಸೂಚನೆಗಳನ್ನು ಮಲಯಾಳದೊಂದಿಗೆ ಕನ್ನಡದಲ್ಲೂ ಹಂಚಲಿ. ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಕನ್ನಡದಲ್ಲಿ ಸರಕಾರದೊಡನೆ ವ್ಯವಹರಿಸುವ ಹಕ್ಕನ್ನು 1969ರ ಕೇರಳ ರಾಜಭಾಷಾ ಶಾಸನವೇ ನಮಗೆ ಕೊಟ್ಟಿದೆ. ಈ ಬೇಡಿಕೆಗಳ ಅರ್ಜಿಯನ್ನು ಮೀನುಗಾರರ ಸಹಕಾರಿ ಸಂಘಗಳು ಕನ್ನಡದಲ್ಲೇ ಬರೆದು, ಮುಂದಿನ ತಪಾಸಣೆಗೆ ಮುಂಚೆ ಮೀನುಗಾರಿಕಾ ಇಲಾಖೆಗೆ ಸಲ್ಲಿಸುವುದು ಒಳಿತು.