ಮುಚ್ಚಿದ ಬಾಗಿಲಿನೊಳಗಿನ ಈಸ್ಟರ್

2020ರ ಏಪ್ರಿಲ್ 12ರ ಈಸ್ಟರ್ ಭಾನುವಾರವನ್ನು ನಾವಾರೂ ಮರೆಯಲಾರೆವು. ಕೊರೊನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಲಾಕ್‌ಡೌನ್‌ನಲ್ಲಿತ್ತು. ಚರ್ಚುಗಳ ಬಾಗಿಲು ಮುಚ್ಚಿತ್ತು. ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿಯೂ ಪೋಪ್ ಫ್ರಾನ್ಸಿಸರು ಭಕ್ತಸಮೂಹವಿಲ್ಲದೆಯೇ ಬಲಿಪೂಜೆ ಅರ್ಪಿಸಿದರು. ಇದೆಂಥ ಹಬ್ಬವೆಂದು ಅನೇಕರು ಮರುಗಿದರು.

ಆದರೆ ಮೊದಲ ಈಸ್ಟರ್ ಕೂಡ ಜನಜಂಗುಳಿಯ ಹಬ್ಬವಾಗಿರಲಿಲ್ಲ. ಯೋಹಾನನ ಸುವಾರ್ತೆಯ ಪ್ರಕಾರ ಆ ಸಂಜೆ ಶಿಷ್ಯರು ಭಯದಿಂದ ಬಾಗಿಲು ಮುಚ್ಚಿಕೊಂಡು ಕುಳಿತಿದ್ದರು. ಪುನರುತ್ಥಾನಗೊಂಡ ಯೇಸು ಅಲ್ಲಿಗೇ ಬಂದು ತಮ್ಮ ಗಾಯಗೊಂಡ ಕೈಗಳನ್ನು ತೋರಿಸಿದರು. ಅಂದು ಮುಂಜಾನೆ ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೊರಟ ಸ್ತ್ರೀಯರಿಗೆ, ಬಾಗಿಲ ಕಲ್ಲನ್ನು ಉರುಳಿಸುವವರು ಯಾರೆಂಬುದೇ ತಿಳಿದಿರಲಿಲ್ಲವೆಂದು ಮಾರ್ಕನು ಬರೆಯುತ್ತಾನೆ. ಆದರೂ ಅವರು ಹೊರಟರು.

ಭಕ್ತನಿಗೆ ರೋಗ ತಟ್ಟದೆಂಬ ನಂಬಿಕೆಯನ್ನು ಕ್ರೈಸ್ತ ಭರವಸೆಯೆಂದು ನಾನು ಒಪ್ಪಲಾರೆ. ಆ ವರ್ಷಗಳಲ್ಲಿ ಭಕ್ತರೂ ಗುರುಗಳೂ ತೀರಿಕೊಂಡರು. ಕಲ್ಲು ಸರಿಯುವ ಮೊದಲೇ ಸೇವೆಗೆ ಹೊರಡುವುದೇ ಭರವಸೆ. ವಾರ್ಡಿನಲ್ಲಿ ರೋಗಿಯ ಕೈ ಹಿಡಿದ ದಾದಿಯರೂ, ಬಂಧುಗಳು ಬರಲಾಗದ ಶವಕ್ಕೆ ಮಣ್ಣು ಕೊಟ್ಟ ತರುಣರೂ ಆ ಸ್ತ್ರೀಯರ ಹಾದಿಯಲ್ಲೇ ನಡೆದರು. ಅವರ ಮತ ಯಾವುದೆಂದು ಕೇಳಬೇಕಾಗಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿಯೂ ಅಂಥವರಿದ್ದಿರಿ. ನಿಮಗೆ ಈ ಮುದಿ ಮೇಷ್ಟರ ನಮಸ್ಕಾರ.