ಭೋಸೆಯ ಆಲ, ಕುರಕುಂಭದ ದಾರಿ

ಬೀದರ್ ಕಡೆಯಿಂದ ಪುಣೆಗೆ ದುಡಿಯಲು ಹೋಗುವ ನಮ್ಮ ಜನರಿಗೆ ಕುರಕುಂಭ ಗೊತ್ತು. ಹುಮನಾಬಾದ್ ಹಾದು ಸೊಲ್ಲಾಪುರಕ್ಕೆ ಬರುವ 65ನೇ ರಾಷ್ಟ್ರೀಯ ಹೆದ್ದಾರಿಯೇ ದೌಂಡ್ ತಾಲ್ಲೂಕಿನ ಈ ಊರನ್ನೂ ದಾಟುತ್ತದೆ. ಫಿರಂಗಾಯಿ ದೇವಿಯ ಊರದು. ಈಗ ರಾಸಾಯನಿಕ ಕಾರ್ಖಾನೆಗಳ ಎಂಐಡಿಸಿ ಕೈಗಾರಿಕಾ ಪ್ರದೇಶವೂ ಹೌದು. ಇಂಥ ಊರುಗಳಲ್ಲಿ ರಸ್ತೆ ಅಗಲ ಮಾಡಲು ಗುರುತು ಹಾಕುವಾಗ ಮೊದಲು ಕೊಡಲಿಗೆ ಸಿಕ್ಕುವುದು ಬದಿಯ ಹಳೆಯ ಆಲ, ಬೇವು, ಹುಣಸೆ.

ಸಿಕ್ಕಲೇಬೇಕೆಂದೇನಿಲ್ಲ. ಸಾಂಗ್ಲಿ ಜಿಲ್ಲೆಯ ಭೋಸೆಯಲ್ಲಿ ಯಲ್ಲಮ್ಮನ ಗುಡಿಯ ಬಳಿ ಸುಮಾರು 400 ವರ್ಷದ ಆಲವಿತ್ತು, ಹರಹು ಸುಮಾರು 400 ಚದರ ಮೀಟರು. ರತ್ನಾಗಿರಿ–ನಾಗಪುರ ಹೆದ್ದಾರಿಗಾಗಿ ಅದನ್ನು ಕಡಿಯಬೇಕಾಗಿತ್ತು. 2020ರ ಜುಲೈಯಲ್ಲಿ, ಕೊರೊನಾ ಕಾಲದಲ್ಲೇ, ಊರವರೂ ಪರಿಸರ ಕಾರ್ಯಕರ್ತರೂ ಮರದ ಸುತ್ತ ನಿಂತರು. ಕೇಂದ್ರ ಸರ್ಕಾರ ರಸ್ತೆಯ ನಕ್ಷೆಯನ್ನೇ ಬದಲಿಸಿತು. ಎಂಜಿನಿಯರರ ಗೆರೆ ಬಾಗುತ್ತದೆ. ಬಾಗಿಸುವವರು ಬೇಕು, ಅಷ್ಟೇ.

ಮರುವರ್ಷ ಮಹಾರಾಷ್ಟ್ರ ತನ್ನ ನಗರ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ತಿದ್ದಿ, 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಕರೆಯಿತು. ಕಡಿದ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿ ನೆಡಬೇಕೆಂದಿತು. ಒಳ್ಳೆಯದೇ. ಆದರೆ ನಾನೂರು ಸಸಿ ಸೇರಿದರೂ ನಾನೂರು ವರ್ಷದ ಒಂದು ಆಲವಾಗದು. ಅದರ ಪೊಟರೆ, ಬಿಳಲು, ಅಲ್ಲಿ ಗೂಡು ಕಟ್ಟಿದ ಹಕ್ಕಿಗಳಿಗೆ ಬದಲಿಯಿಲ್ಲ. ಇನ್ನೊಂದು ಕೊರತೆ ದೊಡ್ಡದು: ಆ ಕಾಯ್ದೆ ನಗರಗಳದ್ದು. ಗ್ರಾಮ ಪಂಚಾಯತಿಯ ಕುರಕುಂಭದ ಮರಕ್ಕೆ ಆ ಗೌರವ ಸಿಕ್ಕುವುದಿಲ್ಲ.

ಹಳ್ಳಿಗೆ ಬೇರೊಂದು ದಾರಿಯಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕು, ಊರಿನ ಜೀವಸಂಪತ್ತನ್ನು ದಾಖಲಿಸಬೇಕು. ಇದೇ ಕಾಯ್ದೆಯಡಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸವಣೂರಿನ ದೊಡ್ಡಹುಣಸೆ (ಬಾವೊಬಾಬ್) ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಸೌದೆಯೆಂದು ಬಿಡದೆ ಎತ್ತಿ ನೆಟ್ಟರು. ಅದರ ಹಿರಿಮೆ ಊರಿಗೆಲ್ಲ ಮೊದಲೇ ತಿಳಿದಿತ್ತು.

ಗುರುತಿನ ಬಣ್ಣ ಬಿದ್ದ ಮೇಲೆ ಓಡಾಡಿದರೆ ತಡವಾಗುತ್ತದೆ. ಕುರಕುಂಭದಲ್ಲಿರಲಿ, ಹುಮನಾಬಾದಿನ ಬದಿಯ ಹಳ್ಳಿಯಲ್ಲಿರಲಿ, ನಿಮ್ಮೂರಿನ ಹಿರಿಯ ಮರ ಪಂಚಾಯತಿಯ ದಾಖಲೆಯಲ್ಲಿ ಇದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಇಲ್ಲದಿದ್ದರೆ ಬರೆಸಿ.